ಜರಡಿ ಮುಚ್ಚಿದ ಆಟ

“ಈಗ ಯಾರ ನಡೆ?”

ದಲ್ಸು ಕೇಳಿದ್ದಕ್ಕೆ ಉತ್ತರ ಕೊಡಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಒರಗಿಸಿಟ್ಟ ಚೌಕದ ದಿಂಬುಗಳಿದ್ದವು. ಬಲಗಡೆಯ ಗೋಡೆಗೆ ಅಡ್ಡಲಾಗಿ ಕೌದಿಗಳನ್ನು ಒಟ್ಟಿದ ಮರದ ಬೀರು ಇತ್ತು. ಕಿಟಕಿಯಾಚೆ ಎಲೆಯುದುರಿದ ಗಾಮ್ ಹಣ್ಣಿನ ಮರ, ಅದರ ತುದಿಯಲ್ಲಿ ಕಾಗೆ ಗುಬ್ಬಿಗಳಿಗೆಂದು ಬಿಟ್ಟ ನಾಲ್ಕಾರು ಕೆಂಪು ಹಣ್ಣು. ಅವನು ಚದುರಂಗದ ಹಲಗೆಯ ಮೇಲೆ ಬೋರಲು ಹಾಕಿದ್ದ ಬಿದಿರಿನ ಜರಡಿಯನ್ನೆತ್ತಿ, ಕಾಯಿಗಳನ್ನೊಮ್ಮೆ ನೋಡಿ, “ನಿಂದೇ ಕಣಯ್ಯ,” ಎಂದು ತಾನೇ ಹೇಳಿ ಮತ್ತೆ ಮುಚ್ಚಿದ.

ದಿನಾ ಬೆಳಗ್ಗೆ ಇಷ್ಟೇ. ವಯಸ್ಸಾದವರು ಹಗಲು ಕೂಡಲೆಂದು ಊರು ಕಟ್ಟಿದ ಹಿರಿಯರ ಮನೆಗೆ ಬಂದು, ನೆಲ ಕಾಯಿಸುವ ಬಾಯ್ಲರಿನ ಗುಂಡಿ ಒತ್ತಿ, ನೆಲ ಬೆಚ್ಚಗಾಗುವ ತನಕ ನಿಂತೇ ಇದ್ದು, ಆಮೇಲೆ ತನ್ನ ದಿಂಬಿನ ಮೇಲೆ ಕೂರುವುದು. ಎದುರಿನ ದಿಂಬು ಪಾನ್ಸೊಕ್‌ನದು. ಅದರ ಹೊಲಿಗೆ ಒಂದು ಕಡೆ ಬಿಚ್ಚಿ ಹತ್ತಿ ಇಣುಕುತ್ತಿತ್ತು. ಆಟದಲ್ಲಿ ಸೋಲುವ ಸೂಚನೆ ಕಂಡಾಗಲೆಲ್ಲ ಪಾನ್ಸೊಕ್ ಅದನ್ನು ಕಿತ್ತೂ ಕಿತ್ತೂ ಹಾಗೆ ಮಾಡಿದ್ದ.

ಹಿರಿಯರ ಮನೆಯಲ್ಲಿ ಎರಡು ಕೋಣೆ. ಬಲಗಡೆಯದು ಹೆಂಗಸರದು, ಎಡಗಡೆಯದು ಗಂಡಸರದು. ನಡುವೆ ಕಾಗದ ಅಂಟಿಸಿದ ಸರಿಸುವ ಬಾಗಿಲೊಂದಿತ್ತು, ಆದರೆ ಅದು ಸರಿದು ಎಷ್ಟೋ ವರ್ಷವಾಗಿತ್ತು. ಗಂಡಸರ ಬೀಡಿ ಹೊಗೆ ತಡೆಯಲಾಗದೆ ಬಾಗಿಲು ಮುಚ್ಚಿಸಿದೆವು ಎಂದು ಹೆಂಗಸರು ಹೇಳುತ್ತಿದ್ದರು. ಹೆಂಗಸರ ಮಾತು ತಡೆಯಲಾಗದೆ ಬೀರು ಅಡ್ಡ ಇಟ್ಟೆವು ಎಂದು ಗಂಡಸರು ಹೇಳುತ್ತಿದ್ದರು. ಈಗ ಹಾಗೆ ಹೇಳುವ ಗಂಡಸರು ಉಳಿದಿರಲಿಲ್ಲ. ಒಬ್ಬೊಬ್ಬರಾಗಿ ಗುಡ್ಡದ ಮೇಲಿನ ಸಮಾಧಿಗಳಿಗೆ ಹೋಗಿ, ಕೊನೆಗೆ ಉಳಿದವರು ದಲ್ಸು ಮತ್ತು ಪಾನ್ಸೊಕ್. ಹೋದ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ ಪಾನ್ಸೊಕ್ ತನ್ನ ರಥ ಸಿಕ್ಕಿಬಿದ್ದದ್ದು ನೋಡಿ, ದಿಂಬಿನ ಹತ್ತಿ ಕಿತ್ತು, “ಇರು, ಮನೇಗೆ ಹೋಗಿ ಯೋಚನೆ ಮಾಡ್ಕೊಂಡು ಬರ್ತೀನಿ. ಕಾಯಿ ಮುಟ್ಟಿದ್ರೆ ನೋಡು,” ಎಂದು ಎದ್ದು ಹೋದ. ತನ್ನದೇ ಅಂಗಳದಲ್ಲಿ ಒದ್ದೆ ಎಲೆಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಆಸ್ಪತ್ರೆಯಿಂದ ಮಗಳು ಯೊನ್ಸಿಲ್ ಅವನನ್ನು ನೇರ ಪೇಟೆಯ ಆರೈಕೆ ಮನೆಗೆ ಸೇರಿಸಿದಳು. ದಲ್ಸು ಕಾಯಿ ಮುಟ್ಟಲಿಲ್ಲ. ಧೂಳು ಬೀಳಬಾರದೆಂದು ಹೆಂಡತಿಯ ಅಡಿಗೆಮನೆಯಿಂದ ಜರಡಿ ತಂದು ಮುಚ್ಚಿದ.

ಗೋಡೆಯಾಚೆ ಹೆಂಗಸರು ಬಂದು ತುಂಬಿಕೊಳ್ಳುವ ಸದ್ದು ಕೇಳಿಸುತ್ತಿತ್ತು. ಊರುಗೋಲಿಗೆ ಬದಲಾಗಿ ಅವರು ತಳ್ಳಿಕೊಂಡು ಬರುವ ಹಳೇ ಮಕ್ಕಳ ಗಾಡಿಗಳು ಒಂದಕ್ಕೊಂದು ತಾಗಿ ಟಣ್ ಎನ್ನುತ್ತಿದ್ದವು. ಯಾವ ಗಾಡಿ ಯಾರದೆಂದು ದಲ್ಸುಗೆ ಸದ್ದಿನಿಂದಲೇ ಗೊತ್ತು. ಕಿರ್ ಎನ್ನುವುದು ಬೊಸೊಂಗ್ ಅಜ್ಜಿಯದು. ಬೊಸೊಂಗ್‌ನಿಂದ ಸೊಸೆಯಾಗಿ ಬಂದವಳಿಗೆ ಈಗ ವಯಸ್ಸು ತೊಂಬತ್ತು ದಾಟಿದೆ, ಇನ್ನೂ ತವರಿನ ಹೆಸರೇ ಅವಳ ಹೆಸರು. ಒಂದು ಚಕ್ರ ಎಳೆಯುವುದು ತನ್ನ ಹೆಂಡತಿ ಮಾಲ್ಸುನ್‌ಳದು. ಆ ಚಕ್ರಕ್ಕೆ ಎಣ್ಣೆ ಹಾಕಬೇಕೆಂದು ಅವನು ದಿನಾ ಅಂದುಕೊಳ್ಳುತ್ತಿದ್ದ.

“ಸ್ವಲ್ಪ ಆಚೆ ಸರಿಯೇ, ನನ್ನ ಮಂಡಿ ಮೇಲೆ ಕೂತಿದೀಯ.”

“ಎಲ್ಲಿಗೆ ಸರಿಯಲಿ, ಕಿಟಕಿಯಿಂದ ಆಚೆಗಾ?”

“ಆ ಕಡೆ ಕೋಣೇಲಿ ಒಬ್ಬರು ರಾಜರ ಹಂಗೆ ಕಾಲು ಚಾಚ್ಕೊಂಡು ಕೂತಿರ್ತಾರೆ.”

“ರಾಜ್ಯ ಇಲ್ಲ, ಸೈನ್ಯ ಇಲ್ಲ. ಎಂಥ ರಾಜನೋ.”

ನಗು ಎದ್ದಿತು. ಮಾಲ್ಸುನ್‌ಳ ನಗು ಅದರಲ್ಲಿ ಕೇಳಿಸಲಿಲ್ಲ. ದಲ್ಸು ಚಾಚಿದ್ದ ಕಾಲನ್ನು ಮಡಚಿಕೊಂಡ.

ಊಟದ ಹೊತ್ತಿಗೆ ಎಂದಿನಂತೆ ಜಗಲಿಯ ಕಡೆಯಿಂದ ಬಾಗಿಲು ತಟ್ಟಿದ ಸದ್ದಾಯಿತು. ಊಟದ ಪುಟ್ಟ ಮೇಜು ಹಿಡಿದು ಬಂದವಳು ಮಾಲ್ಸುನ್ ಅಲ್ಲ, ಊರ ಮುಖ್ಯಸ್ಥೆ ಮಿರಾನ್. ಐವತ್ತೈದು ದಾಟಿದರೂ ಊರಿಗೆ ಅವಳೇ ಹುಡುಗಿ. ಮೇಜನ್ನು ಇಟ್ಟು ಹೊಸ್ತಿಲ ಹೊರಗೇ ಕುಕ್ಕರಗಾಲಲ್ಲಿ ಕೂತಳು.

“ದಲ್ಸಣ್ಣ, ಬಿಸಿ ಇರೋವಾಗ್ಲೇ ಊಟ ಮಾಡಿ.”

“ಮಾಡ್ತೀನಿ. ನೀನು ಹೇಳೋದು ಹೇಳ್ಬಿಡು, ಆಮೇಲೆ ಗಂಟಲಲ್ಲಿ ಇಳೀತದೆ.”

ಮಿರಾನ್ ನಕ್ಕಳು. “ಹಳೇ ವಿಷಯಾನೇ. ಆ ಬೀರು ಸರಿಸಿ ಬಾಗಿಲು ತೆಗೆದ್ರೆ ಎರಡು ಕೋಣೆ ಒಂದಾಗ್ತದೆ. ಅಲ್ಲಿ ಕಾಲು ನೀಡೋಕೆ ಜಾಗ ಇಲ್ಲ. ನೀವು ಮೂಲೇಲಿ ಆರಾಮಾಗಿ ಕೂತಿರಿ, ಯಾರೂ ಏನೂ ಅನ್ನಲ್ಲ. ಸಂಕ್ರಮಣದ ಗಂಜಿ ದಿನಕ್ಕೆ ಮುಂಚೆ ಮಾಡ್ಬಿಟ್ರೆ ಎಲ್ರೂ ಒಟ್ಟಿಗೆ ಕೂತು ಉಣ್ಣಬಹುದು.”

“ಪಾನ್ಸೊಕ್ ಬಂದ್ಮೇಲೆ ಅವನನ್ನೂ ಒಂದು ಮಾತು ಕೇಳ್ಬೇಕು. ಕೋಣೆ ಅವನದೂ ಹೌದು.”

ಮಿರಾನ್ ಸಾರಿನ ಬಟ್ಟಲನ್ನು ಅವನತ್ತ ಸರಿಸಿದಳು. “ಅಣ್ಣ, ಯೊನ್ಸಿಲ್ ನನಗೆ ಫೋನ್ ಮಾಡಿದ್ಲು. ಅವರು ಅಲ್ಲಿ ಸರಿಯಾಗಿ ಊಟ ಮಾಡ್ತಿಲ್ವಂತೆ. ಮಾತೂ ಇಲ್ವಂತೆ. ದಿನವಿಡೀ ಸೂರು ನೋಡ್ತಾ ಮಲಗಿರ್ತಾರಂತೆ. ಅವರು ಬಂದ್ಮೇಲೆ ಅಂತ ಕಾಯ್ತಾ ಕೂತ್ರೆ…”

ದಲ್ಸು ಚಮಚ ಎತ್ತಿ ಸಾರಿನಲ್ಲಿ ಅದ್ದಿದ. “ಉಪ್ಪು ಕಮ್ಮಿ ಆಗಿದೆ ಇವತ್ತು,” ಎಂದ.

ಸಂಜೆ ಮನೆಯಲ್ಲಿ ಮಾಲ್ಸುನ್ ಗಂಜಿಗೆಂದು ಕೆಂಪು ಅವರೆ ಆರಿಸುತ್ತ ಕೂತಿದ್ದಳು. ಹಳ್ಳದಾಚೆಯ ಸಣ್ಣ ಮಠದಿಂದ ಸಂಜೆಯ ಪಠಣ ಗಾಳಿಯಲ್ಲಿ ಬಂದು ಹೋಗುತ್ತಿತ್ತು. ಮರದ ತಾಳ ಮಾತ್ರ ಬಿಡದೆ ಕೇಳಿಸುತ್ತಿತ್ತು. ಅವಳ ಕೈ ಕಾಳಿನೊಳಗೆ ಅದೇ ತಾಳಕ್ಕೆ ಆಡುತ್ತಿದ್ದದ್ದು ಅವಳಿಗೇ ಗೊತ್ತಿರಲಿಲ್ಲ.

“ನೀನೂ ಮಿರಾನ್ ಕಡೇನಾ?” ದಲ್ಸು ಕೇಳಿದ.

“ನಾನು ಯಾರ ಕಡೇನೂ ಅಲ್ಲ. ನನ್ನ ಮಂಡಿ ಕಡೆ.”

“ಬಾಗಿಲು ತೆಗೆದ್ರೆ ಆ ಹಲಗೆ ಎಲ್ಲಿಡ್ಲಿ? ನಿಮ್ಮ ಬೆಳ್ಳುಳ್ಳಿ ಬುಟ್ಟಿ ಪಕ್ಕ ಇಡ್ಲಾ?”

ಅವಳು ಕಾಳು ಆರಿಸುವುದನ್ನು ನಿಲ್ಲಿಸಿದಳು. “ದಿನಾ ಬೆಳಗ್ಗೆ ನೀನು ಕೇಳ್ತೀಯಲ್ಲ, ಯಾರ ನಡೆ ಅಂತ. ಅದು ಆ ಕಡೆಗೂ ಕೇಳ್ತದೆ. ನೀನು ಕೇಳ್ದಾಗ ಒಳಗೆ ಎಲ್ರೂ ಒಂದು ಗಳಿಗೆ ಬಾಯಿ ಮುಚ್ತಾರೆ. ಬೊಸೊಂಗ್ ಅಜ್ಜಿ ಸೈತ.”

ದಲ್ಸು ಸಾಕ್ಸ್ ಬಿಚ್ಚುತ್ತಿದ್ದವನು ಹಾಗೇ ಕೂತ.

“ಮುಂಚೆ ಏನು ಕೇಳಿಸ್ತಿತ್ತು ಗೊತ್ತಾ ಆ ಗೋಡೆಯಿಂದ?” ಅವಳು ಮತ್ತೆ ಕಾಳಿಗೆ ಕೈ ಹಾಕಿದಳು. “ಒಂದೇ ಒಂದು ಸಲ ಕಾಯಿ ವಾಪಸ್ ಕೊಡೋ ಅಂತ ಅವನು, ಕೊಡಲ್ಲ ಅಂತ ನೀನು. ಮೂವತ್ತು ವರ್ಷ ಅದೇ. ಕಿವಿ ಹಾಳಾಗಿ ಹೋಗಿತ್ತು ನಮಗೆ.”

ಯೊನ್ಸಿಲ್ ದಲ್ಸುವಿಗೇ ಫೋನ್ ಮಾಡಿದ್ದು ಮರುದಿನ ಬೆಳಗ್ಗೆ. ಗಂಜಿಯ ದಿನ ಅವಳಿಗೆ ರಜೆ, ಅಪ್ಪನನ್ನು ಮಧ್ಯಾಹ್ನದ ಮಟ್ಟಿಗೆ ಊರಿಗೆ ಕರೆತರಲು ಆರೈಕೆ ಮನೆಯವರು ಒಪ್ಪಿದ್ದಾರೆ. “ಆದ್ರೆ ಮಾವ, ಅವರು ಏನೂ ಮಾತಾಡ್ದೆ ಇದ್ರೆ ಬೇಜಾರು ಮಾಡ್ಕೋಬೇಡಿ. ಎರಡು ತುತ್ತು ಉಂಡ್ರೆ ಸಾಕು ನಂಗೆ. ಉಂಡ್ರೆ ಮುಂದಿನ ತಿಂಗಳೂ ಕರ್ಕೊಂಡ್ಬರ್ತೀನಿ. ಇಲ್ಲಾಂದ್ರೆ ಸುಮ್ನೆ ಅವರಿಗೆ ಆಯಾಸ, ಇನ್ನು ಕರ್ಕೊಂಡು ಓಡಾಡ್ಬೇಡಿ ಅಂತಾರೆ ಅಲ್ಲಿಯವರು.”

ಗಂಜಿಯ ದಿನ ದಲ್ಸು ಬೆಳಕು ಹರಿಯುವ ಮುಂಚೆಯೇ ಬಾಯ್ಲರ್ ಹಚ್ಚಿದ. ಪಾನ್ಸೊಕ್‌ನ ದಿಂಬನ್ನು ಹೊರಗೆ ಒಯ್ದು ಬಡಿದು ತಂದ. ಜರಡಿ ಎತ್ತಿದ. ಇವತ್ತು ಯಾರ ನಡೆಯೆಂದು ಕೇಳಲಿಲ್ಲ. ಹಲಗೆಯನ್ನೇ ಬಹಳ ಹೊತ್ತು ನೋಡುತ್ತ ಕೂತ. ತನ್ನ ಹಸಿರು ಫಿರಂಗಿ ಪಾನ್ಸೊಕ್‌ನ ಕೆಂಪು ರಥದ ಮೇಲೆ ಕಣ್ಣಿಟ್ಟಿತ್ತು. ನಡುವೆ ಒಂದೇ ಒಂದು ಕಾಯಿ. ಫಿರಂಗಿ ಹಾರಿ ಹೊಡೆಯಲು ಅಷ್ಟು ಸಾಕು. ರಥ ಹೋದರೆ ಆಟವೂ ಹೋದಂತೆ. ದಲ್ಸು ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ಬೆರಳ ತುದಿಯಿಂದ ಫಿರಂಗಿಯನ್ನು ಒಂದು ಗೆರೆ ಆಚೆಗೆ ಸರಿಸಿದ. ಜರಡಿ ಮುಚ್ಚಿದ.

ಹೆಂಗಸರ ಕಡೆ ದೊಡ್ಡ ಹಂಡೆಯಲ್ಲಿ ಗಂಜಿ ಕುದಿಯುತ್ತಿತ್ತು. ತಳ ಹಿಡಿಯದಂತೆ ಸೌಟು ಹಂಡೆಯ ಬುಡವನ್ನು ಕೆರೆಯುವ ಸದ್ದು ಗೋಡೆಯ ಮೂಲಕ ಬರುತ್ತಿತ್ತು. ಅಕ್ಕಿ ಹಿಟ್ಟಿನ ಬಿಳಿ ಉಂಡೆ ಹೊಸೆಯುತ್ತ ಯಾರೋ, “ವಯಸ್ಸು ಎಷ್ಟೋ ಅಷ್ಟು ಉಂಡೆ ತಿನ್ಬೇಕಂತೆ. ಬೊಸೊಂಗ್ ಅಜ್ಜಿಗೆ ಈ ಹಂಡೇನೇ ಬೇಕು,” ಎಂದರು. “ನಾನು ಅರವತ್ತಕ್ಕೇ ನಿಲ್ಲಿಸಿದೀನಿ,” ಎಂದಿತು ಅಜ್ಜಿಯ ದನಿ.

ಕೆಟ್ಟದ್ದು ಸೋಕದಿರಲೆಂದು, ಉಣ್ಣುವ ಮುಂಚೆ ಪ್ರತಿ ಕೋಣೆಗೂ ಒಂದು ಬಟ್ಟಲು ಗಂಜಿ ಇಡುವುದು ರೂಢಿ. ಅಜ್ಜಿ ಗೋಡೆ ಹಿಡಿದುಕೊಂಡು ಜಗಲಿಯಲ್ಲಿ ಬಂದಳು, ತುಟಿಯಲ್ಲಿ ಏನೋ ಹೇಳಿಕೊಳ್ಳುತ್ತ. ಹಿಂದಿನಿಂದ ಒಬ್ಬಳು, “ಹೆಂಗೂ ಖಾಲಿ ಕೋಣೆ ಅಲ್ವಾ ಅಜ್ಜಿ, ಅದಕ್ಕೂ ಯಾಕೆ,” ಎಂದಳು. ಅಜ್ಜಿ ತಿರುಗಲಿಲ್ಲ. “ಒಳಗೆ ಉಸಿರಾಡೋರು ಇದಾರೆ,” ಎಂದು ಬಟ್ಟಲನ್ನು ಹೊಸ್ತಿಲ ಒಳಗೆ ಇಟ್ಟು, ದಲ್ಸುವನ್ನು ನೋಡದೆಯೇ ಕೈಮುಗಿದು ಹೋದಳು.

ಕಾರು ಬಂದಾಗ ಎಲ್ಲರೂ ಅಂಗಳಕ್ಕೆ ಬಂದರು. ಯೊನ್ಸಿಲ್ ಗಾಲಿಕುರ್ಚಿ ಬಿಡಿಸಿದಳು. ಅದರಲ್ಲಿ ಕೂರಿಸಿದ ಪಾನ್ಸೊಕ್ ಸಣ್ಣಗಾಗಿದ್ದ. ಟೊಪ್ಪಿಗೆ ಕಿವಿಯ ಕೆಳಗೆ ಇಳಿದಿತ್ತು. ಹೆಂಗಸರು ಒಬ್ಬೊಬ್ಬರಾಗಿ ಕೈ ಹಿಡಿದು, “ಬಂದ್ರಾ,” “ಚಳಿ ಆಯ್ತಾ,” ಎಂದರು. ಅವನು ಯಾರಿಗೂ ಉತ್ತರ ಕೊಡದೆ ಮರದ ತುದಿಯ ಹಣ್ಣುಗಳನ್ನು ನೋಡುತ್ತಿದ್ದ.

“ಬಾರಯ್ಯ ಒಳಗೆ,” ಎಂದು ದಲ್ಸು ಕುರ್ಚಿಯ ಹಿಡಿಕೆ ಹಿಡಿದ.

ಜಗಲಿಯ ತನಕ ಬಂದ ಕುರ್ಚಿ ಗಂಡಸರ ಕೋಣೆಯ ಬಾಗಿಲಲ್ಲಿ ನಿಂತಿತು. ಬಾಗಿಲು ಕಿರಿದು, ಹೊಸ್ತಿಲು ಮೊಣಕಾಲೆತ್ತರ. ದಲ್ಸು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಚಕ್ರ ಚೌಕಟ್ಟಿಗೆ ಬಡಿದು ಪಾನ್ಸೊಕ್‌ನ ತಲೆ ಅಲುಗಿತು.

“ಎತ್ಕೊಂಡು ಹೋಗೋಣ್ವಾ?” ಮಿರಾನ್ ಕೇಳಿದಳು.

“ಬೇಡಮ್ಮ,” ಯೊನ್ಸಿಲ್ ಮೆಲ್ಲಗೆ ಅಂದಳು. “ಸೊಂಟ ಇನ್ನೂ ನೋವು ಅವರಿಗೆ. ಇಲ್ಲೇ ಬಿಸಿಲಲ್ಲಿ ಎರಡು ತುತ್ತು ತಿನ್ನಿಸ್ತೀನಿ ಬಿಡಿ. ಆಮೇಲೆ ಹೊರಡ್ತೀವಿ.”

ಬಿಸಿಲು ಇರಲಿಲ್ಲ. ದಲ್ಸು ಹೆಂಗಸರ ಕೋಣೆಯ ಕಡೆ ನೋಡಿದ. ಅಲ್ಲಿ ಬಾಗಿಲು ಅಗಲ. ಹೊಸ್ತಿಲು ತೆಗೆದು, ಅಜ್ಜಿಯರ ಗಾಡಿಗಳಿಗೆಂದು ಇಳಿಜಾರು ಹಲಗೆ ಹಾಕಿದ್ದರು. ಹಲಗೆ ಹಾಕುವಾಗ ಗಂಡಸರ ಕಡೆಗೂ ಬೇಕಾ ಎಂದು ಕೇಳಿದ್ದಕ್ಕೆ, ನಾವೇನು ಮುದುಕರಾ ಎಂದು ಗದರಿ ಕಳಿಸಿದವನು ಪಾನ್ಸೊಕ್‌ನೇ.

ದಲ್ಸು ಚಪ್ಪಲಿ ಬಿಟ್ಟು ಗಂಡಸರ ಕೋಣೆಯೊಳಕ್ಕೆ ಹೋದ. ಒಳಗಿನಿಂದ ಏನೋ ಎಳೆಯುವ ಸದ್ದು ಬಂತು, ನಿಂತಿತು, ಮತ್ತೆ ಬಂತು. ಆಮೇಲೆ ಬೀರುವಿನ ಹಿಂದಿನಿಂದ ಅವನ ದನಿ: “ಮಾಲ್ಸುನ್, ಆ ಕಡೆಯಿಂದ ಯಾರಾದ್ರೂ ಬಾಗಿಲು ತಳ್ಳಿ. ಇದು ಒಬ್ಬನ ಕೈಲಿ ಆಗಲ್ಲ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮಾಲ್ಸುನ್ ಮಂಡಿ ಹಿಡಿದುಕೊಂಡೇ ಹೆಂಗಸರ ಕೋಣೆಯೊಳಕ್ಕೆ ನಡೆದಳು. ಉಬ್ಬಿ ಕಚ್ಚಿಕೊಂಡಿದ್ದ ಬಾಗಿಲಿಗೆ ಮೂವರು ಭುಜ ಕೊಟ್ಟರು. ಕಾಗದ ಒಂದು ಕಡೆ ಚರ್ರನೆ ಹರಿಯಿತು, ಬಾಗಿಲು ನರಳಿ ಸರಿಯಿತು. ಆಚೆ ಬೀರುವಿಗೆ ಬೆನ್ನು ಕೊಟ್ಟು, ಎರಡೂ ಕಾಲು ಗೋಡೆಗೆ ಒದ್ದುಕೊಂಡು ದಲ್ಸು ನೆಲದಲ್ಲಿ ಕೂತಿದ್ದ.

“ಏನು ರಾಜರೇ, ಸಿಂಹಾಸನ ಬಿಟ್ಟು ಕೆಳಗೆ ಕೂತಿದೀರಿ,” ಎಂದಳು ಒಬ್ಬಳು. ಕಾದ ನೆಲದ ಬಿಸಿ ಆ ಕಡೆಯಿಂದ ಈ ಕಡೆಗೆ ಬಂತು.

ಗಾಲಿಕುರ್ಚಿ ಹೆಂಗಸರ ಕೋಣೆ ದಾಟಿ ಬಂದು ಎರಡು ಕೋಣೆಗಳ ನಡುವೆ, ಬಾಗಿಲಿದ್ದ ಜಾಗದಲ್ಲಿ ನಿಂತಿತು. ದಲ್ಸು ಊಟದ ಮೇಜಿನ ಮೇಲೆ ಮತ್ತೊಂದು ಮೇಜು ಪೇರಿಸಿ ಹಲಗೆಯನ್ನು ಅವನ ಮೊಣಕಾಲಿನ ಎತ್ತರಕ್ಕೆ ತಂದ. ಕಾಯಿ ಅಲುಗದಂತೆ ಉಸಿರು ಹಿಡಿದು ತಂದ. ಜರಡಿ ತೆಗೆಯಲಿಲ್ಲ.

ಮಾಲ್ಸುನ್ ಗಂಜಿ ತಂದಳು. ಯೊನ್ಸಿಲ್ ಚಮಚದಲ್ಲಿ ತೆಗೆದು ಊದಿ ಅಪ್ಪನ ತುಟಿಗೆ ಹಿಡಿದಳು. ಅವನು ಬಾಯಿ ತೆರೆದ, ನಾಲಗೆಯ ಮೇಲೆ ಇಟ್ಟುಕೊಂಡ, ಹುಬ್ಬು ಗಂಟಿಕ್ಕಿದ. ಯೊನ್ಸಿಲ್‌ಳ ಚಮಚ ಗಾಳಿಯಲ್ಲೇ ನಿಂತಿತು.

“ಸಕ್ಕರೆ ಎಲ್ಲಿ?” ಎಂದ ಪಾನ್ಸೊಕ್.

ದನಿ ಒಡೆದಿತ್ತು, ಆದರೆ ಅವನದೇ. ಬೊಸೊಂಗ್ ಅಜ್ಜಿ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡು, “ಕೊಡ್ರೇ ಅವನಿಗೆ ಸಕ್ಕರೆ. ಪೇಟೆಯೋರು ಗಂಜಿಗೂ ಉಪ್ಪು ಹಾಕಿ ಕೊಂದಿದಾರೆ ಹುಡುಗನ್ನ,” ಎಂದಳು. ಸಕ್ಕರೆ ಡಬ್ಬಿ ಕೈಯಿಂದ ಕೈಗೆ ಬಂತು. ಪಾನ್ಸೊಕ್ ಚಮಚವನ್ನು ತಾನೇ ಹಿಡಿದುಕೊಂಡ. ಅರ್ಧ ಗಂಜಿ ಮಡಿಲಿಗೆ ಚೆಲ್ಲಿತು, ಅರ್ಧ ಬಾಯಿಗೆ ಹೋಯಿತು. ಬಟ್ಟಲು ಖಾಲಿಯಾಗುವವರೆಗೆ ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಎಲ್ಲರೂ ಮೂಲಂಗಿ ಬೆಳೆಯ ಬಗ್ಗೆ ಮಾತಾಡಿದರು.

ಆಮೇಲೆ ದಲ್ಸು ಜರಡಿ ಎತ್ತಿದ.

ಪಾನ್ಸೊಕ್ ಬಹಳ ಹೊತ್ತು ನೋಡಿದ. ಯೊನ್ಸಿಲ್ ದಲ್ಸುವಿನ ಕಡೆ ಬಾಗಿ, “ಮಾವ, ಅವರಿಗೆ ಈಗ ಇದೆಲ್ಲ ನೆನಪಿರಲ್ಲ,” ಎಂದು ಪಿಸುಗುಟ್ಟಿದಳು.

ಪಾನ್ಸೊಕ್ ಕೈ ಚಾಚಿದ. ಅದು ತನ್ನ ಕೆಂಪು ಕಾಯಿಗಳನ್ನು ದಾಟಿ, ದಲ್ಸುವಿನ ಹಸಿರು ಫಿರಂಗಿಯನ್ನು ಹಿಡಿದು, ಒಂದು ಗೆರೆ ಈಚೆಗೆ, ಹಳೆಯ ಜಾಗಕ್ಕೆ ತಂದಿಟ್ಟಿತು.

“ಇದು ಇಲ್ಲಿತ್ತು,” ಎಂದ. “ನಿನ್ನ ಫಿರಂಗಿ ಯಾವಾಗಿಂದ ತಾನಾಗೇ ಓಡಾಡೋಕೆ ಶುರು ಮಾಡ್ತು?”

ದಲ್ಸುವಿನ ಕಿವಿ ಕೆಂಪಾಯಿತು. ಮಾಲ್ಸುನ್ ಗಂಡನ ಮುಖ ನೋಡಿ ಬೇರೆ ಕಡೆ ತಿರುಗಿದಳು.

“ಧೂಳು ಒರೆಸುವಾಗ ಸರಿದಿರಬೇಕು.”

“ಧೂಳಂತೆ.” ಪಾನ್ಸೊಕ್ ತನ್ನ ಆನೆಯನ್ನೆತ್ತಿ ಫಿರಂಗಿಗೂ ರಥಕ್ಕೂ ನಡುವೆ ತಂದಿಟ್ಟ. ನಡುವೆ ಈಗ ಎರಡು ಕಾಯಿ. ಫಿರಂಗಿ ಒಂದನ್ನು ಹಾರಬಲ್ಲದು, ಎರಡನ್ನಲ್ಲ. “ಹಾರು ಈಗ, ನೋಡೋಣ.”

ದಲ್ಸು ಹಲಗೆಯ ಮೇಲೆ ಬಗ್ಗಿದ. ಸುಗ್ಗಿಯಿಂದ ದಿನಾ ನೋಡಿದ್ದರೂ ಆ ನಡೆ ಅವನಿಗೆ ಕಂಡಿರಲಿಲ್ಲ. “ಯಾವಾಗ ಕಂಡ್ಕೊಂಡೆಯೋ ಇದನ್ನ?”

“ಅಲ್ಲಿ ಸೂರು ಚೌಕ ಚೌಕ ಇದೆ,” ಎಂದ ಪಾನ್ಸೊಕ್. “ಮಲಗಿದ್ರೆ ಹಲಗೆ ಥರಾನೇ ಕಾಣ್ತದೆ. ದೀಪದ ಹತ್ರ ನಿನ್ನ ರಾಜ.”

ಯೊನ್ಸಿಲ್ ಖಾಲಿ ಬಟ್ಟಲು ತೆಗೆದುಕೊಂಡು ಅಡಿಗೆ ಕಟ್ಟೆಯ ಕಡೆ ಹೋದಳು. ನಲ್ಲಿ ಬಿಟ್ಟ ಸದ್ದು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೇಳಿಸಿತು.

ಆಟ ನಡೆಯಿತು. ಕಾಲು ನೋಯುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲು ದಾಟಿ ಬಂದು ಗಂಡಸರ ಕೋಣೆಯ ಬಿಸಿ ನೆಲದ ಮೇಲೆ ಕಾಲು ಚಾಚಿದರು. ಬೊಸೊಂಗ್ ಅಜ್ಜಿ ಹತ್ತಿ ಇಣುಕುವ ದಿಂಬನ್ನೇ ತಲೆಗಿಟ್ಟುಕೊಂಡು ಮಲಗಿಬಿಟ್ಟಳು. ಆಟ ಗೊತ್ತಿಲ್ಲದವರೇ ಹೆಚ್ಚು ಸಲಹೆ ಕೊಟ್ಟರು. “ಆ ಕುದುರೆ ಯಾಕೆ ಸುಮ್ನೆ ನಿಂತಿದೆ, ಓಡಿಸ್ಬಾರ್ದಾ,” ಎಂದಳೊಬ್ಬಳು, ಪಾನ್ಸೊಕ್ ಹುರುಪಿನಲ್ಲಿ ಕುದುರೆಯನ್ನು ಓಡಿಸಿಯೇ ಬಿಟ್ಟ. ಕೈ ತೆಗೆದ ಮೇಲೆ ಅವನಿಗೆ ಕಂಡಿತು. ದಲ್ಸುವಿನ ಪುಟ್ಟ ಸೈನಿಕನೊಬ್ಬ ಕುದುರೆಯ ಪಕ್ಕದಲ್ಲೇ, ಅದನ್ನು ಹೊಡೆಯುವ ಹಾಗೆ ನಿಂತಿದ್ದ. ಕುದುರೆ ಹೋದರೆ ಹಿಂದೆ ರಾಜ ಬಯಲು.

ದಲ್ಸು ಕುದುರೆಯನ್ನೆತ್ತಿ ತನ್ನ ಮೊಣಕಾಲ ಬಳಿ ಇಟ್ಟುಕೊಂಡ.

“ಏ,” ಎಂದ ಪಾನ್ಸೊಕ್. “ಅವಳು ಹೇಳಿದ್ದಕ್ಕೆ ನಡೆಸ್ದೆ. ಅದು ನನ್ನ ನಡೆ ಅಲ್ಲ. ವಾಪಸ್ ಕೊಡು.”

ಕಿಟಕಿಯಾಚೆ ಬೆಳಕು ಇಳಿಯುತ್ತಿತ್ತು. ಯೊನ್ಸಿಲ್ ಗಡಿಯಾರ ನೋಡಿ, ಅಪ್ಪನ ಕಂಬಳಿ ಮಡಚಿ, ಕಾರಿನ ಕೀಲಿ ತೆಗೆದಳು. ಕತ್ತಲಾಗುವುದರೊಳಗೆ ಹಿಂದಿರುಗಬೇಕಿತ್ತು.

“ಒಂದೇ ಒಂದು ಸಲ,” ಪಾನ್ಸೊಕ್ ಕೈ ನೀಡಿದ. “ಮೂವತ್ತು ವರ್ಷದಿಂದ ಕೇಳ್ತಿದೀನಿ. ಇವತ್ತಾದ್ರೂ ಕೊಡೋ.”

“ಕೊಡಿ ದಲ್ಸಣ್ಣ, ಪಾಪ,” ಎಂದಳು ಮಿರಾನ್.

“ಕೊಟ್ಬಿಡಿ ಮಾವ,” ಯೊನ್ಸಿಲ್ ಅವನ ಕಿವಿಯ ಹತ್ತಿರ ಬಂದಳು. ಕಣ್ಣು ಇನ್ನೂ ಕೆಂಪಗಿತ್ತು. “ಹೊರಡೋ ಹೊತ್ತು. ಖುಷಿಯಾಗಿ ಹೋಗ್ಲಿ ಅವರು. ಒಂದು ಕಾಯಿ ತಾನೇ.”

ದಲ್ಸು ಎಲ್ಲರ ಮುಖ ನೋಡಿದ. ಬಾಗಿಲಿನ ಹರಿದ ಕಾಗದ ಗಾಳಿಗೆ ಮೆಲ್ಲಗೆ ಪಟಪಟಿಸುತ್ತಿತ್ತು. ಮಾಲ್ಸುನ್ ಮಾತ್ರ ಗೋಡೆಗೆ ಒರಗಿಸಿದ್ದ ಜರಡಿಯನ್ನೆತ್ತಿ ಅವನ ಕೈಗೆ ಕೊಟ್ಟಳು. ಅವನು ಅದನ್ನು ಹಲಗೆಯ ಮೇಲೆ ಮೆಲ್ಲಗೆ ಬೋರಲು ಹಾಕಿದ, ಅಂಚು ಯಾವ ಕಾಯಿಗೂ ತಾಗದಂತೆ ನೋಡಿಕೊಂಡು. ಕೆಂಪು ಕುದುರೆಯನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ.

“ಕೊಡಲ್ಲ,” ಎಂದ.